ಅದೇ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸ್ಕೊಂಡ್ ಬಂದ ನಮ್ಮ ಹುಡುಗ

ಮೊನ್ನೆ ಭಾನುವಾರ ಸಂಜೆ ನಾನಿನ್ನೂ ಡ್ಯೂಟಿ ಮುಗಿಸಿ ಡಿಪೋದಲ್ಲಿ ಕ್ಯಾಶ್ ಕಟ್ಟೋಕೆ ಕ್ಯೂನಲ್ಲಿ ನಿಂತಿದ್ದೆ, ಅಕ್ಕ ಫೋನ್ ಮಾಡಿ "ಇವ್ನು ಆ ಬಂಕಿಗೇ ಹೋಗಿ ಪೆಟ್ರೋಲ್ ಹಾಕಿಸ್ಕೊಂಡು ಬಂದ ಕಣೋ" ಅಂದ್ಲು. ಕೇಳೋರಿಗೆ ಇದೆಂತ ದೊಡ್ಡ ಸುದ್ದಿ ಅನ್ನಿಸ್ಬಹುದು. ನಮ್ಮನೇಲಿ ಅವತ್ತು ರಾತ್ರಿ ಪಾಯಸ ಆಯ್ತು. ಯಾಕೆ ಅಂತ ಹೇಳ್ಬೇಕು, ಅದಕ್ಕಿಂತ ಮುಖ್ಯವಾಗಿ ಕೆಲವರಿಗೆ ಥ್ಯಾಂಕ್ಸ್ ಹೇಳೋದು ಒಂದು ವರ್ಷದಿಂದ ಬಾಕಿ ಇದೆ, ಅದಕ್ಕೇ ಇದನ್ನ ಬರೀತಿದೀನಿ. ಹುಡುಗ ಅಂದ್ರೆ ಅಕ್ಕನ ಮಗ, ಅವನ ಪರ್ಮಿಷನ್ ತಗೊಂಡಿದೀನಿ. "ಬರಿ ಮಾವ, ಹೆಸರು ಮಾತ್ರ ಹಾಕ್ಬೇಡ, ಬಂಕ್ ಹೆಸರೂ ಹಾಕ್ಬೇಡ" ಅಂದಿದಾನೆ. ಹಾಕಲ್ಲ.

ನಮ್ಮ ಭಾವ ಇಲ್ಲ, ತೀರ್ಕೊಂಡು ಆರು ವರ್ಷ ಆಯ್ತು. ಅಕ್ಕ ಸ್ಕೂಲಲ್ಲಿ ಬಿಸಿಯೂಟದ ಅಡುಗೆ ಮಾಡ್ತಾಳೆ. ಹುಡುಗ ಸೆಕೆಂಡ್ ಪಿಯುಸಿ ಕಾಮರ್ಸಲ್ಲಿ ಸ್ಟಾಟಿಸ್ಟಿಕ್ಸ್ ಒಂದು ಉಳಿಸ್ಕೊಂಡ, ಎಕ್ಸಾಮ್-3ರಲ್ಲೂ, ಅಂದ್ರೆ ಆ ವರ್ಷದ ಮೂರನೇ ಚಾನ್ಸಲ್ಲೂ ಹೋಯ್ತು, ಮನೇಲಿ ಸುಮ್ನೆ ಕೂರೋದು ಬೇಡ ಅಂತ ಅವನೇ ಊರಾಚೆ ಒಂದು ಪೆಟ್ರೋಲ್ ಬಂಕಲ್ಲಿ ಕೇಳ್ಕೊಂಡು ಬಂದ. ತಿಂಗಳಿಗೆ 11 ಸಾವಿರ. ಹದಿನೆಂಟು ತುಂಬಿ ಎರಡೇ ತಿಂಗಳು ಆಗಿತ್ತು, ಅದಕ್ಕೂ ಮುಂಚೆ ಕೇಳಿದ್ದಾಗ ನಾನೇ ಬೇಡ ಅಂದಿದ್ದೆ, ಬೆಂಕಿ ಹತ್ತೋ ಸಾಮಾನಿನ ಜಾಗದಲ್ಲಿ ಹದಿನೆಂಟರ ಒಳಗಿನವರನ್ನ ಇಟ್ಕೊಳೋ ಹಾಗೇ ಇಲ್ಲ ಕಾನೂನಲ್ಲಿ. ಮೊದಲ ದಿನ ಯೂನಿಫಾರ್ಮ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತು "ಝೀರೋ ನೋಡ್ಕೊಳಿ ಸರ್" ಅಂತ ಪ್ರಾಕ್ಟೀಸ್ ಮಾಡ್ತಿದ್ನಂತೆ, ಅಕ್ಕ ಹೇಳಿ ಹೇಳಿ ನಗ್ತಿದ್ಲು.

ಇಪ್ಪತ್ತಾರನೇ ದಿನ, ಆಗಸ್ಟ್ ತಿಂಗಳ ಒಂದು ಭಾನುವಾರ, ಮಳೆ, ಜೋಗಕ್ಕೆ ಹೋಗೋ ಗಾಡಿಗಳ ರಶ್ಶು. ಒಂದು ಹಳದಿ ಬೋರ್ಡಿನ ಕಾರು ಬಂತು, ಡ್ರೈವರ್ ಫೋನಲ್ಲಿ ಮಾತಾಡ್ತಾನೇ "1,500ಕ್ಕೆ ಹಾಕು" ಅಂದ, ಇವನು ಅದಕ್ಕೂ ಮುಂಚೆ ಸಾಲಾಗಿ ಏಳೆಂಟು ಬೈಕಿಗೆ ಹಾಕಿದ್ದ ಕೈ, ಅದೇ ಪೆಟ್ರೋಲ್ ಗನ್ನು ತಗೊಂಡು ಇಟ್ಟ. ಕಾರು ಡೀಸೆಲ್ಲು. ಮುಚ್ಚಳದ ಮೇಲೆ ಬರೆದಿತ್ತಂತೆ, ಮಳೆ ಮಣ್ಣು ಮೆತ್ಕೊಂಡಿತ್ತಂತೆ. ಡೀಸೆಲ್ ಗನ್ನು ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಇಳಿಯೋದೇ ಇಲ್ಲ, ಕೈಗೇ ಗೊತ್ತಾಗುತ್ತೆ. ಪೆಟ್ರೋಲ್ ಗನ್ನು ಸಣ್ಣ, ಡೀಸೆಲ್ ಗಾಡಿಗೆ ಸಲೀಸಾಗಿ ಇಳಿಯುತ್ತೆ, ಹಾಗಾಗಿ ತಡೆಯೋಕೆ ಏನೂ ಇರ್ಲಿಲ್ಲ. ಹದಿನಾಲ್ಕು ಲೀಟರಿನ ಮೇಲೆ ಹೋಗಿದೆ. ಗನ್ನು ವಾಪಸ್ ಸಿಗಿಸೋಕೆ ಹೋದಾಗ ಕೈ ಪೆಟ್ರೋಲ್ ಕಡೆ ಹೋಯ್ತಲ್ಲ, ಆಗ ಹೊಟ್ಟೆ ಧಸಕ್ ಅಂತು ಅಂತಾನೆ. ಡ್ರೈವರ್ ದುಡ್ಡು ಕೊಟ್ಟು ಕೀಗೆ ಕೈ ಹಾಕಿದ್ದ. ಇವನು ಓಡ್ಹೋಗಿ ಬಾನೆಟ್ ಮೇಲೆ ಎರಡೂ ಕೈ ಬಡಿದು "ಸರ್ ಕೀ ತಿರುಗಿಸ್ಬೇಡಿ, ತಪ್ಪಾಯ್ತು, ಪೆಟ್ರೋಲ್ ಹಾಕ್ಬಿಟ್ಟೆ" ಅಂತ ಬಂಕಿಗೆಲ್ಲ ಕೇಳೋ ಹಾಗೆ ಕೂಗಿದ.

ಆಮೇಲೆ ಆಗಿದ್ದು ಊಹಿಸ್ಕೊಳಿ. ಕಾರಲ್ಲಿದ್ದವರೆಲ್ಲ ಇಳಿದು ಬೈದ್ರು, ಮ್ಯಾನೇಜರ್ ಬಂದು ಎಲ್ಲರ ಮುಂದೆ ಯೂನಿಫಾರ್ಮ್ ಶರ್ಟ್ ಅಲ್ಲೇ ಬಿಚ್ಚಿಸಿ "ನಾಳೆಯಿಂದ ಬರ್ಬೇಡ" ಅಂದ. ಬನಿಯನ್ನಲ್ಲಿ, ಮಳೇಲಿ, ಮನೆಗೆ ಬಂದಿದಾನೆ. ತೆಗೆದಿದ್ದಕ್ಕೆ ನಂಗೆ ಕೋಪ ಇಲ್ಲ, ತಪ್ಪಂತೂ ತಪ್ಪೇ. ಶರ್ಟು ಬಿಚ್ಚಿಸಿದ್ದಕ್ಕೆ ಇವತ್ತಿಗೂ ಇದೆ.

ಈಗ ನನ್ನ ತಪ್ಪು. ಅವತ್ತು ರಾತ್ರಿ ಅಕ್ಕನ ಮನೆಗೆ ಹೋದವನು ಬಾಗಿಲಲ್ಲೇ ನಿಂತು "ಪೆಟ್ರೋಲಿಗೂ ಡೀಸೆಲ್ಲಿಗೂ ವ್ಯತ್ಯಾಸ ಗೊತ್ತಾಗಲ್ವೇನೋ ನಿಂಗೆ" ಅಂದ್ಬಿಟ್ಟೆ. ತಮಾಷೆಗೆ ಅಂದಿದ್ದು ಅಂತ ಹೇಳ್ಕೋಬಹುದು, ತಮಾಷೆ ಅಲ್ಲ ಅದು. ಅವನು ತಲೆ ಎತ್ತಲಿಲ್ಲ. ಆಮೇಲೆ ನಾಲ್ಕು ದಿನ ನನ್ನತ್ರ ಅಂತಲ್ಲ, ಯಾರತ್ರಾನೂ ಮಾತಾಡ್ಲಿಲ್ಲ, ಮುಸುಕು ಹಾಕ್ಕೊಂಡು ಮಲಗಿದವನು ಊಟಕ್ಕೂ ಏಳ್ತಿರ್ಲಿಲ್ಲ, ಫೋನ್ ಸ್ವಿಚಾಫ್, ಫ್ರೆಂಡ್ಸ್ ಬಂದ್ರೆ "ಇಲ್ಲ ಅನ್ನು" ಅಂತ ಅಮ್ಮನ ಕೈಲಿ ಹೇಳಿಸ್ತಿದ್ದ. ಸಾರಿ ಕಣೋ ಅಳಿಯ, ಮುಖಕ್ಕೆ ಮುಖ ಹೇಳಿದೀನಿ, ಇಲ್ಲೂ ಹೇಳ್ತಿದೀನಿ.

ಮೊದಲ ಥ್ಯಾಂಕ್ಸು ಅಕ್ಕನ ಪಕ್ಕದ ಮನೆ ಟೀಚರಮ್ಮಂಗೆ. ನಾಲ್ಕನೇ ದಿನ ಅಕ್ಕ ಬಾವಿಕಟ್ಟೆ ಹತ್ರ ಅಳ್ತಿದ್ದಿದ್ದು ನೋಡಿ, ಎಂತ ಅಂತ ಕೇಳಿ, 14416ಕ್ಕೆ ಫೋನ್ ಮಾಡಿ ಅಂತ ಬರ್ಕೊಟ್ರು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಹುಡುಗನೇ ಮಾತಾಡ್ಬೇಕು ಅಂತ ಇಲ್ಲ, ಅಕ್ಕನೇ ಮಾತಾಡಿದ್ಲು. ಆ ಕಡೆ ಇದ್ದ ಹೆಣ್ಣುಮಗಳು ಯಾರೋ ಗೊತ್ತಿಲ್ಲ, ಅವರಿಗೂ ನಮಸ್ಕಾರ. ಅವರು ಹೇಳಿದ್ದರಲ್ಲಿ ಅಕ್ಕನಿಗೆ ಕೈ ನಡುಗಿಸಿದ್ದು ಒಂದು ಮಾತು, "ಸಾಯೋ ಯೋಚನೆ ಏನಾದ್ರೂ ಬರ್ತಿದ್ಯಾ ಅಂತ ನೇರವಾಗಿ ಕೇಳಿ, ಕೇಳಿದ್ರೆ ನಾವೇ ತಲೇಲಿ ಹಾಕಿದಂಗೆ ಆಗಲ್ಲ, ಇದ್ರೆ ಹೊರಗೆ ಬರುತ್ತೆ" ಅಂತ. ಅಕ್ಕ ಕೇಳಿದ್ಲು. ಹೆಂಗೆ ಕೇಳಿದ್ಲೋ ಅವಳಿಗೇ ಗೊತ್ತು, ಹಿಟ್ಟು ಕಲಸ್ತಾ ಕಲಸ್ತಾ ಬೆನ್ನು ಮಾಡ್ಕೊಂಡು ಕೇಳಿದ್ಲಂತೆ. ಅವನು ಮುಸುಕಿಂದ "ಇಲ್ಲಮ್ಮ, ನಾಚ್ಕೆ ಆಗ್ತಿದೆ ಅಷ್ಟೆ" ಅಂದ. ನಾಲ್ಕು ದಿನದಲ್ಲಿ ಅದೇ ಅವನ ಮೊದಲ ಪೂರ್ತಿ ವಾಕ್ಯ.

ನಾಚ್ಕೆ ಅಂದಿದ್ದು ನಂಗೆ ಎಲ್ಲೋ ತಾಗ್ತು. ಇಲ್ಲೀವರೆಗೆ ನಾನು ನಮ್ಮ ಮನೇಲಿ ಯಾರಿಗೂ ಹೇಳಿರ್ಲಿಲ್ಲ, ನನ್ನ ಹೆಂಡತಿಗೂ ಗೊತ್ತಿರ್ಲಿಲ್ಲ, ನನ್ನನ್ನೂ ಮೊದಲ ಕೆಲಸದಿಂದ ತೆಗೆದಿದ್ರು. 1998, ನಂಗೆ ಹತ್ತೊಂಬತ್ತು, ಶಿವಮೊಗ್ಗ–ಸಾಗರ ಓಡೋ ಒಂದು ಪ್ರೈವೇಟ್ ಬಸ್ಸಲ್ಲಿ ಕ್ಲೀನರ್. ದಾರೀಲಿ ಸಿಗೋ ಆನಂದಪುರದ ಮದುವೆಮನೆಗೆ ಅಂತ ಟಾಪಿನ ಮೇಲೆ ಬಾಳೆಎಲೆ ಕಟ್ಟು ಹಾಕಿದ್ರು, ಇಳಿಸೋದೇ ಮರೆತೆ, ಸಾಗರ ಸ್ಟ್ಯಾಂಡಲ್ಲಿ ನೋಡಿದ್ರೆ ಕಟ್ಟು ಅಲ್ಲೇ ಇದೆ, ಅಲ್ಲಿ ಆನಂದಪುರದಲ್ಲಿ ಪಂಕ್ತಿ ಕೂತಿದೆ, ಎಲೆ ಇಲ್ಲ. ಓನರ್ ಸಾಗರ ಸ್ಟ್ಯಾಂಡಲ್ಲೇ ಇಳಿಸಿ ಹೋಗು ಅಂದ್ರು. ಮನೇಲಿ "ನಾನೇ ಬಿಟ್ಟೆ, ಗಾಡಿ ಸರಿ ಇಲ್ಲ" ಅಂತ ಹೇಳಿದ್ದೆ. ಅದೇ ಸುಳ್ಳು ಇಷ್ಟು ವರ್ಷ ಓಡಿಸಿದೆ.

ಐದನೇ ದಿನ ಅವನ ಮಂಚದ ಕಾಲ ಹತ್ರ ಕೂತು ಇದನ್ನ ಹೇಳಿದೆ. ಉಪದೇಶ ಏನೂ ಮಾಡ್ಲಿಲ್ಲ, ಆ ಬಾಳೆಎಲೆ ಕಟ್ಟನ್ನ ತಲೆ ಮೇಲೆ ಹೊತ್ಕೊಂಡು ಸಾಗರದಿಂದ ವಾಪಸ್ ಬರೋ ಬಸ್ಸಿಗೆ ಟಿಕೆಟ್ ತಗೊಂಡು ಆನಂದಪುರಕ್ಕೆ ಬಂದು ಮದುವೆಮನೆಗೆ ಕೊಟ್ಟಿದ್ದು, ಆಗ ಮೂರನೇ ಪಂಕ್ತಿ ನಡೀತಿದ್ದಿದ್ದು, ಯಾರದೋ ಮನೆ ಸ್ಟೀಲ್ ತಟ್ಟೇಲಿ ಬಡಿಸ್ತಿದ್ದಿದ್ದು, ಅವ್ರು ಬೈಯೋದು ಬಿಟ್ಟು ನಂಗೂ ಒಂದು ಎಲೆ ಹಾಕಿದ್ದು, ಎಲ್ಲ ಹೇಳಿದೆ. ಮುಸುಕೊಳಗೆ ಅಲುಗಾಟ. ಅಳ್ತಿದಾನೆ ಅಂದ್ಕೊಂಡೆ, ನಗ್ತಿದ್ದ. "ಕಟ್ಟು ವಾಪಸ್ ತಗೊಂಡ್ ಹೋದ್ಯಾ ಮಾವ, ಮಂಗ" ಅಂದ. ಮಾವಂಗೆ ಮಂಗ ಅಂದಿದ್ದಕ್ಕೆ ಅಕ್ಕ ಒಳಗಿಂದ ಬೈದ್ಲು. ನಂಗೆ ಪರಮಾನಂದ.

ಆಮೇಲಿನ ಥ್ಯಾಂಕ್ಸು ಕಾರು ನೋಡಿದ ಮೆಕ್ಯಾನಿಕ್ ಸಾಬರಿಗೆ. ನಮಗೆ ಅವರ ಪರಿಚಯಾನೇ ಇಲ್ಲ. ಬಂಕಿನವರು ಕರೆಸಿದ್ದು ಅವರನ್ನ, ಟ್ಯಾಂಕ್ ಖಾಲಿ ಮಾಡ್ಸಿ ತೊಳೆದು ಗಾಡಿ ಕಳ್ಸಿದ್ದು ಅವರು. ಆ ಹುಡುಗ ಯಾರು ಅಂತ ಅವರೇ ವಿಚಾರಿಸ್ಕೊಂಡು ಒಂದು ಸಂಜೆ ಮನೆ ಹುಡುಕ್ಕೊಂಡು ಬಂದ್ರು. ಚಾ ಕುಡೀತಾ ಹುಡುಗನಿಗೆ ಬಿಡಿಸಿ ಬಿಡಿಸಿ ಹೇಳಿದ್ರು: ಡೀಸೆಲ್ ಗಾಡೀಲಿ ಪಂಪಿಗೆ, ಇಂಜೆಕ್ಟರಿಗೆ ಆ ಡೀಸೆಲ್ಲೇ ಜಿಡ್ಡು, ಬೇರೆ ಆಯಿಲ್ ಯಾರೂ ಹಾಕಲ್ಲ, ಪೆಟ್ರೋಲಿಗೆ ಜಿಡ್ಡಿಲ್ಲ, ಇಂಜಿನ್ ಸ್ಟಾರ್ಟ್ ಆಗಿ ಅದು ಲೈನಿಗೆ ಎಳೆದ್ಕೊಂಡ್ರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಪುಡಿ ಏಳುತ್ತೆ, ಆ ಪುಡಿ ಇಂಜೆಕ್ಟರ್ ತನಕ ಹೋದ್ರೆ ಲೆಕ್ಕ ಸಾವಿರದಲ್ಲಲ್ಲ ಲಕ್ಷದಲ್ಲಿ ಶುರುವಾಗುತ್ತೆ. "ನೀನು ಬಾಯಿ ಮುಚ್ಕೊಂಡಿದ್ರೆ ಗಾಡಿ ಮೂರ್ನಾಲ್ಕು ಕಿಲೋಮೀಟರ್ ಹೋಗಿ ನಿಂತಿರೋದು ಬೇಟಾ, ನಿನ್ ಮೇಲೆ ಬರೋದು ಕಷ್ಟ ಇತ್ತು. ನೀನು ಕೂಗಿದ್ದಕ್ಕೆ ಪಂಪ್ ಉಳೀತು" ಅಂದ್ರು. ನಾವು ಮನೆಯವರು ಹತ್ತು ಸಲ "ಪರವಾಗಿಲ್ಲ ಬಿಡೋ" ಅಂದಿದ್ವಿ, ಒಂದೂ ಅವನ ಕಿವಿಗೆ ಹೋಗಿರ್ಲಿಲ್ಲ. ಪರವಾಗಿದೆ ಅಂತ ಅವನಿಗೆ ಗೊತ್ತಲ್ಲ, ನಾವು ಸುಳ್ಳು ಹೇಳ್ತಿದೀವಿ ಅಂತಾನೂ ಗೊತ್ತಾಗ್ತಿತ್ತು. ಸಾಬ್ರು ಮಾಡಿದ ತಪ್ಪನ್ನ ತಪ್ಪು ಅಂತಲೇ ಇಟ್ಕೊಂಡು, ಅದರ ಪಕ್ಕದಲ್ಲಿ ಇನ್ನೊಂದನ್ನ ಎತ್ತಿ ತೋರಿಸಿದ್ರು. ಅವತ್ತು ರಾತ್ರಿ ನಾಲ್ಕು ರೊಟ್ಟಿ ತಿಂದ.

ಸಂಬಳದ ವಿಷಯ ಬೇಗ ಹೇಳಿ ಮುಗಿಸ್ತೀನಿ. 26 ದಿನದ ದುಡ್ಡು ಕೊಡಲ್ಲ ಅಂದ್ರು. ನಾನು ನಾಲ್ಕು ಜನ ಕರ್ಕೊಂಡು ಗಲಾಟೆ ಮಾಡೋಕೆ ರೆಡಿ ಇದ್ದೆ, ಹುಡುಗ ಕಾಲಿಗೆ ಬಿದ್ದಂಗೆ ಬೇಡ ಅಂದ. ನಮ್ಮ ಡಿಪೋ ಯೂನಿಯನ್ನಿನ ಹಿರಿಯರೊಬ್ಬರು, ಅವರಿಗೂ ಥ್ಯಾಂಕ್ಸ್, ಕೂರಿಸ್ಕೊಂಡು ಹೇಳಿದ್ರು: ಕೆಲಸದಿಂದ ತೆಗೆದ್ರೆ ಎರಡು ವರ್ಕಿಂಗ್ ದಿನದೊಳಗೆ ದುಡಿದ ಸಂಬಳ ಕೊಡ್ಲೇಬೇಕು, ನಷ್ಟ ಅಂತ ಮುರ್ಕೊಳೋದಾದ್ರೂ ಆ ನೌಕರನ ಮಾತು ಕೇಳಿ ಆಮೇಲೆ ಮುರ್ಕೋಬೇಕು, ಪೂರ್ತಿ ನುಂಗೋ ಹಾಗಿಲ್ಲ, ಕೊಡ್ಲಿಲ್ಲ ಅಂದ್ರೆ ಲೇಬರ್ ಆಫೀಸಿಗೆ ಒಂದು ಅರ್ಜಿ ಸಾಕು, ಗಲಾಟೆ ಬೇಡ. ಅವರೂ ನಾನೂ ಹೋಗಿ ಮೆಲ್ಲಗೆ ಇಷ್ಟನ್ನೇ ಹೇಳಿದ್ವಿ. ಮೆಕ್ಯಾನಿಕ್ಕಿಗೆ 2,000, ಪೆಟ್ರೋಲಿನ 1,500 ಮುರ್ಕೊಂಡು 6 ಸಾವಿರ ಕೊಟ್ರು. ಮುರ್ಕೊಂಡಿದ್ದು ಸರಿ ಅಂತ ಹುಡುಗನೇ ಒಪ್ಪಿದ. ನಾನಾಗಿದ್ರೆ ಅದಕ್ಕೂ ಜಗಳ ಆಡ್ತಿದ್ದೆ ಅನ್ಸುತ್ತೆ.

ದೀಪಾವಳಿ ಆದ್ಮೇಲೆ ಅಡಿಕೆ ಮಂಡೀಲಿ ತೂಕ ಬರೆಯೋಕೆ ಹುಡುಗ ಬೇಕು ಅಂತ ಗೊತ್ತಾಯ್ತು. ನಾನು ಮತ್ತೆ ಬುದ್ಧಿ ಉಪಯೋಗಿಸಿ "ಬಂಕಿನ ವಿಷಯ ಹೇಳ್ಬೇಡ, ಪರೀಕ್ಷೆಗೆ ಓದ್ತಿದ್ದೆ ಅನ್ನು" ಅಂದೆ. ಅವನು ನನ್ನ ಮುಖ ನೋಡಿ "ಬಾಳೆಎಲೆ ಥರಾನಾ ಮಾವ?" ಅಂದ. ಮಾತೇ ಬರ್ಲಿಲ್ಲ ನಂಗೆ. ಹೋಗಿ ಇದ್ದಿದ್ದು ಇದ್ದಂಗೆ ಹೇಳಿದಾನೆ. ಮಂಡಿ ಯಜಮಾನ್ರು ಕೇಳಿಸ್ಕೊಂಡು "ರಾಶಿ ಅಡಿಕೆ ಕ್ವಿಂಟಾಲಿಗೆ 50 ಸಾವಿರದ ಮೇಲಿದೆ ಮಾರಾಯ, ಇಲ್ಲಿ ಒಂದು ಸೊನ್ನೆ ತಪ್ಪಾದ್ರೆ ನಿನ್ನ ಕಾರಿಗಿಂತ ದೊಡ್ಡದು. ತಪ್ಪಾದ್ರೆ ಇಲ್ಲೂ ಹಂಗೇ ಕೂಗ್ತೀಯಾ?" ಅಂತ ಕೇಳಿ, ಕೂಗ್ತೀನಿ ಅಂದಿದ್ದಕ್ಕೆ ಮಾರನೇ ದಿನದಿಂದ ಬಾ ಅಂದ್ರು. ಯಜಮಾನ್ರೇ, ನೀವು ಇದನ್ನೆಲ್ಲ ಓದಲ್ಲ ಅಂತ ಗೊತ್ತು, ಆದ್ರೂ ನಿಮ್ಮ ಋಣ ದೊಡ್ಡದು. ಅಡಿಕೆ ದರ್ಜೆಗಳಲ್ಲಿ ರಾಶಿ ಯಾವುದು ಬೆಟ್ಟೆ ಯಾವುದು ಗೊರಬಲು ಯಾವುದು ಅಂತ ಈಗ ಕಣ್ಮುಚ್ಚಿ ಕೈಲಿ ಮುಟ್ಟಿ ಹೇಳ್ತಾನೆ. ಎರಡು ಸಲ ಕೂಗಿದಾನಂತೆ. ಒಂದು ಸಲ ಅವನ ತಪ್ಪು, ಇನ್ನೊಂದು ಸಲ ಯಜಮಾನ್ರದ್ದೇ.

ಸ್ಟಾಟಿಸ್ಟಿಕ್ಸೂ ಈ ಸಲ ಎಕ್ಸಾಮ್-2ರಲ್ಲಿ ಆಯ್ತು, 41. ಮಂಡಿ ಬಿಟ್ಟ ಮೇಲೆ ರಾತ್ರಿ ಒಂಬತ್ತಕ್ಕೆ ಫ್ರೀಯಾಗಿ ಹೇಳ್ಕೊಟ್ಟ ಲೆಕ್ಚರರ್ ಸಾರ್‌ಗೆ ಕೈ ಮುಗೀತೀನಿ.

ಇಷ್ಟೆಲ್ಲ ಆದ್ರೂ ಆ ಬಂಕಿನ ರಸ್ತೆಗೆ ಮಾತ್ರ ಅವನು ಹೋಗ್ತಿರ್ಲಿಲ್ಲ. ಮಂಡಿಗೆ ಅದು ನೇರ ದಾರಿ, ಇವನು ದಿನಾ ಸುತ್ತು ಹಾಕ್ಕೊಂಡು ಹೋಗ್ತಿದ್ದ, ಅಕ್ಕ ಹಿಂದೆ ಕೂತಿದ್ರೂ ಅಷ್ಟೆ. ನಾವ್ಯಾರೂ ಕೇಳ್ಲಿಲ್ಲ. ಕೇಳ್ಬಾರ್ದು ಅಂತ ಯಾರೂ ಹೇಳಿರ್ಲಿಲ್ಲ, ಆದ್ರೂ ಕೇಳ್ಲಿಲ್ಲ, ಈ ಒಂದು ವಿಷಯದಲ್ಲಿ ನಮ್ಮನೆಯವರಿಗೆ ನಾನೇ ಥ್ಯಾಂಕ್ಸ್ ಹೇಳ್ಬೇಕು, ನಮ್ಮ ಅಮ್ಮ ಸೇರಿ, ಅವಳಿಗೆ ಬಾಯಿ ಹಿಡ್ಕೊಳೋದು ಎಷ್ಟು ಕಷ್ಟ ಅಂತ ನೆಂಟರಿಗೆಲ್ಲ ಗೊತ್ತು.

ಮೊನ್ನೆ ಭಾನುವಾರ ಅವನಾಗೇ ಹೋದ. ಮ್ಯಾನೇಜರ್ ಇದ್ನಂತೆ, ಗುರ್ತು ಸಿಕ್ತೋ ಇಲ್ವೋ, ಏನೂ ಮಾತಾಡ್ಲಿಲ್ಲ. ಕ್ಯೂನಲ್ಲಿ ನಿಂತು ಇವನ ಸರದಿ ಬಂತು. ಗನ್ನು ಹಿಡ್ಕೊಂಡಿದ್ದೋನು ಇವನಿಗಿಂತ ಚಿಕ್ಕವನ ಥರ ಕಾಣ್ತಿದ್ದ ಒಬ್ಬ ಹೊಸ ಹುಡುಗ, ಯೂನಿಫಾರ್ಮ್ ಶರ್ಟು ಇನ್ನೂ ಮಡಿಕೆ ಬಿಟ್ಟಿರ್ಲಿಲ್ಲ. ನಮ್ಮವನು ಸ್ಕೂಟಿ ಸೀಟ್ ಎತ್ತಿ "ನೂರು ರೂಪಾಯಿಗೆ" ಅಂದ. ಆ ಹುಡುಗ ಗನ್ನು ನೋಡಿ, ಸ್ಕೂಟಿ ನೋಡಿ, ಮತ್ತೆ ಗನ್ನು ನೋಡಿ, "ಪೆಟ್ರೋಲೇ ಅಲ್ವಾ ಅಣ್ಣ?" ಅಂತ ಕೇಳಿದ್ನಂತೆ.

"ಹೌದು, ಪೆಟ್ರೋಲೇ. ಕೇಳಿದ್ದು ಒಳ್ಳೇದಾಯ್ತು" ಅಂದು ಝೀರೋ ನೋಡ್ಕೊಂಡು ಹಾಕಿಸ್ಕೊಂಡು ಬಂದಿದಾನೆ.