ಅಟ್ಟದ ಮೇಲಿನ ನಾಟಕದ ಪ್ಲೇಟು ಗುಜರಿಗೆ ಹಾಕಬೇಡ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ಸಿರುಗುಪ್ಪದ ನಮ್ಮ ಹಳೇ ಮನೆ ಬಿಚ್ಚಿಸ್ತಿದ್ವಿ, ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಸಿಕ್ತು, ಒಳಗೆ ಅಜ್ಜ ಕೂಡಿಟ್ಟಿದ್ದ ಗ್ರಾಮಫೋನ್ ಪ್ಲೇಟುಗಳು, ಎಣಿಸಿದ್ರೆ 34. ಕೆಲಸಕ್ಕೆ ಬಂದ ಹುಡುಗ್ರು ಆಗಲೇ ಟ್ರಂಕು ಸಮೇತ ಗುಜರಿಯವನ ಗಾಡಿಗೆ ಇಟ್ಟುಬಿಟ್ಟಿದ್ರು, ಓಡಿ ಹೋಗಿ ಇಳಿಸ್ಕೊಂಡೆ. 11 ಒಡೆದು ಹೋಳಾಗಿದ್ವು, ಐದಾರು ನಮ್ಮ ಕಡೆ ಬಿಸಿಲಿಗೆ ಹಪ್ಪಳದ ಥರ ಎದ್ದಿದ್ವು. ಉಳಿದವನ್ನ ಕೊಪ್ಪಳದ ಗೆಳೆಯರೊಬ್ಬರ ಮನೆಗೆ ಒಯ್ದೆ, ಅವರ ಹತ್ರ 78ರ ಸ್ಪೀಡಿಗೆ ತಿರುಗೋ ಮಷೀನು ಐತೆ, ಜೊತೆಗೆ ನಮ್ಮವ್ವನ್ನೂ ಕರ್ಕೊಂಡು ಹೋಗಿದ್ದೆ.

ಅದರಲ್ಲಿ ಒಂದು ನಾಯಿ ಮಾರ್ಕಿನ (ಎಚ್‌ಎಂವಿ) ಪ್ಲೇಟು, ನಾಟಕದ ಪದದ್ದು. ನಡುವಿನ ಕಾಗದ ಹುಳ ತಿಂದು ‘ಮಿಸ್’ ಅನ್ನೋದಷ್ಟು ಉಳಿದೈತೆ, ಹೆಸರು ಹೋಗೈತೆ. ಅಂಚಿಂದ ಒಂದು ಸೀಳು, ಹಂಗಾಗಿ ಪ್ಲೇಟು ಒಂದು ಸುತ್ತು ಬಂದಾಗೆಲ್ಲ ಟಕ್ ಅನ್ನುತ್ತೆ, ನಿಮಿಷಕ್ಕೆ 78 ಸಲ. ಆ ಟಕ್ ಟಕ್ ನಡುವೆ ಮೊದಲು ಹಾರ್ಮೋನಿಯಂ, ಆಮೇಲೆ ತಬಲಾ, ಆಮೇಲೆ ಒಬ್ಬ ಹೆಣ್ಣುಮಗಳ ದನಿ, ಯುದ್ಧಕ್ಕೆ ಹೊರಟ ಗಂಡನ್ನ ತಡೆಯೋ ಪದ, ಎಷ್ಟು ಬಿಚ್ಚು ದನಿ ಅಂದ್ರೆ ಆ ಪುಟ್ಟ ರೂಮಲ್ಲಿ ನಾವು ನಾಕು ಮಂದಿ ಉಸಿರು ಬಿಡದೆ ಕೂತ್ವಿ. ಹಾಡು ಮುಗಿದು ಮುಳ್ಳು ಕರ್ರ್ ಅಂತ ತಿರುಗ್ತಿತ್ತು, ಅಷ್ಟರಲ್ಲಿ ನಮ್ಮವ್ವ ‘ಇದ್ರಾಗ ಕಡೀ ನುಡಿ ಇಲ್ಲಲ್ಲೋ, ನಿಮ್ಮಜ್ಜ ಹೊಲದಾಗ ಪೂರ್ತಿ ಹಾಡ್ತಿದ್ದ’ ಅಂದು ತಾನೇ ಆ ನುಡಿ ಹಾಡಿಬಿಟ್ಲು. 82 ವರ್ಷ ಅವ್ವಗೆ. ಆದ್ರೆ ಪ್ಲೇಟಲ್ಲಿ ಹಾಡಿದೋರು ಯಾರು ಅಂದ್ರೆ ಆಕೆಗೂ ಗೊತ್ತಿಲ್ಲ, ‘ಕಂಪನಿಯೋರು’, ಅಂದ್ರೆ ನಾಟಕ ಕಂಪನಿಯೋರು, ಅಂತಾಳೆ ಅಷ್ಟೇ.

ಕಡೀ ನುಡಿ ಯಾಕಿಲ್ಲ ಅಂದ್ರೆ ಅರಗಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಯೋದೇ ಸುಮಾರು ಮೂರು ನಿಮಿಷ. ಥೇಟರಲ್ಲಿ ಒನ್ಸ್ ಮೋರ್ ಬಿದ್ದು ಬಿದ್ದು ಎಷ್ಟೋ ಹೊತ್ತು ಎಳೀತಿದ್ದ ಪದಾನ ಮೂರು ನಿಮಿಷಕ್ಕೆ ಕತ್ತರಿಸಿ ಹಾಡಬೇಕಿತ್ತು. 1925ರ ಸುಮಾರಿಗೆ ಕರೆಂಟಿನ ರೆಕಾರ್ಡಿಂಗ್ ಬರೋ ತನಕ ಮೈಕೂ ಇರಲಿಲ್ಲ, ದೊಡ್ಡ ಕಹಳೆಯಂಥದ್ದರ ಬಾಯಿಗೆ ಮುಖ ಕೊಟ್ಟು ಜೋರಾಗಿ ಹಾಡಬೇಕು, ಆ ದನಿಯ ಬಲಕ್ಕೇ ಮುಳ್ಳು ಅಲ್ಲಾಡಿ ಮೇಣದ ಮೇಲೆ ಗೆರೆ ಕೊರೀತಿತ್ತು. ಮೈಕಿಲ್ಲದೆ ಹಿಂದಿನ ಸಾಲಿನ ಚಾಪೆಯೋನಿಗೂ ಕೇಳಿಸೋ ಹಂಗೆ ಹಾಡಿ ಪಳಗಿದ್ದ ನಾಟಕದೋರ ಗಂಟಲಿಗೆ ಆ ಕಹಳೆ ಸರಿಯಾಗಿ ಹೊಂದಿತು ಅಂತ ನನಗೆ ಅನಿಸುತ್ತೆ.

ಹಾಡಲ್ಲೇ ಕಥೆ ನಡೆಸೋ ನಾಟಕಕ್ಕೆ ಇಟಲಿ ಕಡೆ ಆಪೆರಾ ಅಂತಾರೆ, ಅಲ್ಲೂ ಇದೇ ಕಥೆ. ಫ್ರೆಡ್ ಗೈಸ್‌ಬರ್ಗ್ ಅನ್ನೋ ರೆಕಾರ್ಡಿಂಗ್ ಮನುಷ್ಯ 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲ್ ರೂಮಲ್ಲಿ ಕರೂಸೋ ಅನ್ನೋ ಹುಡುಗನ ಹತ್ತು ಹಾಡು ರೆಕಾರ್ಡ್ ಮಾಡಿದ, ಅದೇ ವರ್ಷ ನವೆಂಬರ್‌ನಲ್ಲಿ ಕಲ್ಕತ್ತಾಕ್ಕೆ ಬಂದು ಗಾಯಕಿ ಗೌಹರ್ ಜಾನ್ ದನಿ ಹಿಡಿದ. ಕರೂಸೋ ಹೆಸರು ಜಗತ್ತಿಗೇ ಗೊತ್ತು. ಗೌಹರ್ ಜಾನ್ 1930ರಲ್ಲಿ ನಮ್ಮ ಮೈಸೂರಲ್ಲೇ ಕಣ್ಣು ಮುಚ್ಚಿದ್ರು ಅನ್ನೋದು ನಮ್ಮ ಎಷ್ಟು ಮಂದಿಗೆ ಗೊತ್ತೈತೆ ಹೇಳ್ರಿ. ಇನ್ನೊಂದು ಸಂಗತಿ ಓದಿ ನನಗೆ ಹೊಟ್ಟೆ ಉರಿದಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಲೈಬ್ರರಿ ನೋಡ್ಕೊಳ್ತಿದ್ದ ಮೇಪಲ್‌ಸನ್ ಅನ್ನೋರು 1901ರಿಂದ 1903ರ ತನಕ ನಾಟಕ ನಡೀತಿದ್ದಾಗಲೇ ಸ್ಟೇಜಿನ ಮೇಲ್ಗಡೆ ಮಷೀನು ಇಟ್ಟು ಮೇಣದ ಸಿಲಿಂಡರಿಗೆ ಎರಡೆರಡು ನಿಮಿಷದ ತುಣುಕು ಹಿಡಿದಿಟ್ರು. ಕರ ಕರ ಸದ್ದೇ ಜಾಸ್ತಿ, ಆದ್ರೂ ಯಾರೂ ಎಸೀಲಿಲ್ಲ. 1985ರಲ್ಲಿ ಅಲ್ಲಿನ ಪಬ್ಲಿಕ್ ಲೈಬ್ರರಿಯೋರು ಸಿಕ್ಕಷ್ಟನ್ನೂ ಸೇರಿಸಿ ಎಲ್‌ಪಿ ಸೆಟ್ಟು ಮಾಡಿದ್ರು. ಜಾನ್ ಡಿ ರೆಸ್ಕೆ ಅಂತ ಆ ಕಾಲದ ಭಾರೀ ಗಾಯಕ, ಅವರ ದನಿ ಇವತ್ತು ಸಿಗೋದು ಆ ಕರಕರ ತುಣುಕುಗಳಲ್ಲಿ ಮಾತ್ರ.

ನಮ್ಮೋರ ಗತಿ ನೋಡ್ರಿ. ಬೀಳಗಿಯಿಂದ ಹೊರಟ ಅಕ್ಕತಂಗಿ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿ, ಒಬ್ರು ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಕಂಪನಿ ಸೇರಿದ್ರು, ಇನ್ನೊಬ್ರು ಮುಂಬೈ ಸಿನಿಮಾದಲ್ಲಿ ಹಾಡಿ ಹೆಸರಾದ್ರು, ಹಂಗಾಗಿ ಅವರ ದನಿ ಒಂಚೂರು ಉಳೀತು. ಗಂಗೂಬಾಯಿ ಹಾನಗಲ್‌ರ ಮೊದಮೊದಲ ಪ್ಲೇಟುಗಳ ಮೇಲೆ ಇರೋದು ಗಾಂಧಾರಿ ಅನ್ನೋ ಹೆಸರು, ಅವರು ಅಷ್ಟು ದೊಡ್ಡೋರಾಗಿ ಬಾಳಿದ್ದಕ್ಕೆ ಗಾಂಧಾರಿ ಯಾರು ಅಂತ ನಮಗೆ ಗೊತ್ತಾಯ್ತು. ದೊಡ್ಡೋರಾಗದೆ ಹೋದ ಬರೀ ‘ಮಿಸ್’ಗಳು ಎಷ್ಟು ಮಂದಿ ಇದ್ರೋ. ಕನ್ನಡದ ಮೊದಲ ಟಾಕಿ ಸತಿ ಸುಲೋಚನ, 1934ರದ್ದು, ಅದರ ಒಂದು ಪ್ರಿಂಟೂ ಉಳೀಲಿಲ್ಲ. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ರಂಗಗೀತೆ ಎತ್ತಿದ್ರೆ ಮೈ ಜುಂ ಅಂತಿತ್ತು, 2020ರಲ್ಲಿ ಅವರೂ ಹೋದ್ರು. ಆ ಪದಗಳನ್ನ ಬಾಯಲ್ಲಿಟ್ಟುಕೊಂಡೋರು ಇನ್ನು ಹತ್ತು ವರ್ಷಕ್ಕೆ ಎಷ್ಟು ಮಂದಿ ಇರ್ತಾರೆ?

ನನ್ನ ಬೇಡಿಕೆ ದೊಡ್ಡದಲ್ಲ. ಬಳ್ಳಾರಿಯಲ್ಲಿ ರಾಘವ ಕಲಾಮಂದಿರ ಐತೆ, ರಾಯಚೂರಲ್ಲಿ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ಐತೆ. ಇಂಥ ಒಂದು ಜಾಗದಲ್ಲಿ ಒಂದು ತಂಪಾದ ರೂಮು, ನಾಕು ಬೀರು, 78ರ ಮಷೀನು, ಒಂದು ಕಂಪ್ಯೂಟರ್, ಕೆಲಸ ಗೊತ್ತಿರೋ ಒಬ್ಬ ಹುಡುಗ. ಜನ ಪ್ಲೇಟು ತರಲಿ, ಕಾಪಿ ಮಾಡ್ಕೊಂಡು ಪ್ಲೇಟು ವಾಪಸ್ ಕೊಡಲಿ. ಇದನ್ನೇ ಒಂದು ಕಚೇರಿಗೆ ಹೋಗಿ ಕೇಳಿದ್ದಕ್ಕೆ ‘ಕಾಪಿರೈಟ್ ತಕರಾರು ಬರುತ್ತೆ, ನಮಗ್ಯಾಕೆ’ ಅಂದು ಅರ್ಜೀನೂ ತಗೊಳ್ಳಲಿಲ್ಲ. ನಮ್ಮ ಕಾಯ್ದೆ ಪ್ರಕಾರ ರೆಕಾರ್ಡಿಂಗಿನ ಹಕ್ಕು ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಅಜ್ಜನ ಕಾಲದ ಈ ರೆಕಾರ್ಡಿಂಗುಗಳ ಮೇಲೆ ಇನ್ನೆಲ್ಲಿಯ ತಕರಾರು?

ಓದುಗರಿಗೂ ಒಂದು ಮಾತು. ಮನೇಲಿ ಪ್ಲೇಟು ಇದ್ರೆ ದಯವಿಟ್ಟು ಒಂದರ ಮೇಲೊಂದು ಪೇರಿಸಬೇಡ್ರಿ, ಪುಸ್ತಕದ ಥರ ನೆಟ್ಟಗೆ ನಿಲ್ಲಿಸ್ರಿ, ತಗಡಿನ ಕೆಳಗಂತೂ ಬೇಡವೇ ಬೇಡ. ಧೂಳು ಅಂತ ಸ್ಪಿರಿಟ್ ಹಾಕಿ ಒರೆಸಿದ್ರೆ ಅರಗು ಕರಗಿ ಹಾಡೇ ಹೋಗುತ್ತೆ, ನಾನು ಒಂದು ಪ್ಲೇಟು ಹಂಗೇ ಕಳ್ಕೊಂಡೆ, ಇವತ್ತಿಗೂ ಸಂಕಟ ಆಗುತ್ತೆ. ನೀರಿಗೆ ಒಂದು ಹನಿ ಮೆತ್ತನೆ ಸೋಪು ಬೆರೆಸಿ, ನಡುವಿನ ಕಾಗದಕ್ಕೆ ತಾಗದ ಹಂಗೆ, ಗೆರೆ ಸುತ್ತಿದ ಕಡೆಗೇ ಮೆತ್ತಗಿನ ಬಟ್ಟೆ ಆಡಿಸಿದ್ರೆ ಸಾಕು. ಒಡೆದಿದ್ರೂ ಎಸೀಬೇಡ್ರಿ, ಕಾಗದದ ಮೇಲಿನ ಹೆಸರು, ನಂಬರ್ ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳ್ಳಿ, ಇನ್ಯಾರದೋ ಮನೇಲಿ ಹೆಸರು ಅಳಿಸಿಹೋದ ಅದೇ ಪ್ಲೇಟು ಇದ್ರೆ ಆ ನಂಬರಿಂದಾನೇ ಹಾಡಿದೋರು ಗೊತ್ತಾಗಬಹುದು.

ಗಂಡನ್ನ ಯುದ್ಧಕ್ಕೆ ಕಳಿಸಲಾರದ ಹೆಂಡತಿಯ ಆ ಪದ ಯಾವ ಕಂಪನಿಯದು, ಹಾಡಿದ ತಾಯಿ ಯಾರು ಅಂತ ಗೊತ್ತಿರೋ ಹಿರಿಯರು ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇದ್ರೆ ನಿಮ್ಮ ಪತ್ರಿಕೆ ಮೂಲಕವೇ ತಿಳಿಸಲಿ ಅಂತ ಬೇಡ್ಕೊಳ್ತೀನಿ. ಪ್ಲೇಟಲ್ಲಿ ಇಲ್ಲದ ಕಡೀ ನುಡಿ ನಮ್ಮವ್ವನ ದನಿಯಲ್ಲಿ ನನ್ನ ಮೊಬೈಲಲ್ಲಿ ಐತೆ, ಕೇಳಬೇಕು ಅನ್ನೋರಿಗೆ ಕೇಳಿಸ್ತೀನಿ.

ಇಂತಿ ನಿಮ್ಮ ಓದುಗ,
ಬ್ರೂಸ್‌ಪೇಟೆ, ಬಳ್ಳಾರಿ