ಖಾಲಿ ಗೂಡಿಗೂ ರಕ್ಷಣೆ ಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ. ಉತ್ತರ ಕನ್ನಡದ ಕರಾವಳಿಯಿಂದ ಬರೆಯುತ್ತಿದ್ದೇನೆ. ವಿಷಯ ನಮ್ಮ ಬಿಳಿ ಹೊಟ್ಟೆಯ ಕಡಲ ಹದ್ದಿನದು.

ಈ ಹಕ್ಕಿ ಪ್ರತಿ ವರ್ಷ ಹೊಸದಾಗಿ ಗೂಡು ಕಟ್ಟುತ್ತಾ ಕೂರುವುದಿಲ್ಲ. ಹೆಚ್ಚಾಗಿ ಹಳೆಯ ಗೂಡಿಗೇ ಬಂದು, ಕಡ್ಡಿ ಸೇರಿಸಿ, ದೊಡ್ಡದು ಮಾಡುತ್ತಾ ಹೋಗುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ರಿಪೇರಿ ಶುರು. ಸಾಮಾನ್ಯವಾಗಿ ಎರಡು ಮೊಟ್ಟೆ, ಎಷ್ಟೋ ಸಲ ಉಳಿಯುವುದು ಒಂದೇ ಮರಿ. ಬೇಸಿಗೆ ಕಳೆಯುವಷ್ಟರಲ್ಲಿ ಮರಿ ಹಾರಿ ಗೂಡು ಖಾಲಿ. ನಮ್ಮಲ್ಲಿ ಮರ ಕಡಿಯುವುದೂ ಆಗಲೇ ಅಲ್ವಾ, ಮಳೆಗೆ ಮುಂಚೆ! ಗೂಡಲ್ಲಿ ಯಾರೂ ಇಲ್ಲ ಅಂತ ಕಡಿದೇ ಬಿಡುತ್ತಾರೆ.

ಕಾನೂನು ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯೇ. ಕಡಲ ಹದ್ದು ಅದರ ಮೊದಲನೇ ಶೆಡ್ಯೂಲಿನ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಹಕ್ಕಿ. ಹಾಗಾಗಿ 3ರಿಂದ 7 ವರ್ಷ ಜೈಲು. ಆದರೆ ಖಾಲಿ ಗೂಡಿನ ಬಗ್ಗೆ ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಅಮೆರಿಕದಲ್ಲಿ ಹದ್ದುಗಳಿಗೆಂದೇ 1940ರ ಕಾಯ್ದೆಯಿದೆ. ಅಲ್ಲಿ ಗೂಡು ಖಾಲಿಯಿದ್ದರೂ ಅನುಮತಿಯಿಲ್ಲದೆ ತೆಗೆಯುವಂತಿಲ್ಲ.

ಇನ್ನೊಂದು ತೂತು ನಮ್ಮ ರಾಜ್ಯದ್ದೇ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ಅಧಿಕಾರಿಯ ಅನುಮತಿ ಬೇಕು. ಆದರೆ ಗಾಳಿಮರಕ್ಕೆ (ಸರ್ವೆ ಮರ) ಬೇಡ, ತೆಂಗು, ನೀಲಗಿರಿಯಂತೆ ಅದಕ್ಕೂ ವಿನಾಯಿತಿ. ಬೆಳೆಸಿ ಮಾರುವ ಮರಕ್ಕೆ ಸುಮ್ನೆ ಆಫೀಸು ಅಲೆಸಬಾರದು, ಒಪ್ಪಿದೆ. ಆದರೆ ಸಮುದ್ರ ದಂಡೆಯಲ್ಲಿ ಹದ್ದು ಗೂಡು ಕಟ್ಟುವ ಎತ್ತರದ ಮರಗಳಲ್ಲಿ ಗಾಳಿಮರವೂ ಒಂದು. ಅರ್ಜಿಯೇ ಬೇಡವೆಂದರೆ ಯಾವ ಅಧಿಕಾರಿಯೂ ಬರುವುದಿಲ್ಲ, ತಲೆಯೆತ್ತಿ ಮೇಲೆ ನೋಡುವವರೂ ಇರುವುದಿಲ್ಲ.

ಆದ್ದರಿಂದ ಕಾರವಾರದಿಂದ ಮಂಗಳೂರಿನವರೆಗೆ ಗೂಡಿರುವ ಮರಗಳನ್ನು ಇಲಾಖೆ ಗುರುತಿಸಿ ದಾಖಲಿಸಲಿ. ಮೀನುಗಾರರನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ, ಅವರಿಗೆ ಒಂದೊಂದು ಮರವೂ ಗೊತ್ತು. ದಾಖಲಾದ ಮರ ಯಾವ ಜಾತಿಯದಾದರೂ, ಗೂಡು ಖಾಲಿಯಿದ್ದರೂ, ಅನುಮತಿಯಿಲ್ಲದೆ ಕಡಿಯಬಾರದೆಂದು ಆದೇಶ ಹೊರಡಿಸಿ. ಪಟ್ಟಿಯನ್ನು ಮಾತ್ರ ದಯವಿಟ್ಟು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕ್ಯಾಮೆರಾ ಹಿಡಿದವರ ಕಾಟವೂ ಕಡಿಮೆಯೇನಲ್ಲ.

ಜಾಗದ ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಅಂಗಳಕ್ಕೆ ಹಿಕ್ಕೆ, ಮೀನಿನ ಮುಳ್ಳು, ಒಮ್ಮೊಮ್ಮೆ ಕಡಲ ಹಾವಿನ ತುಂಡು ಬೀಳುತ್ತಿದ್ದರೆ ಯಾರಿಗೆ ಖುಷಿ? ಮರ ಮಾರಿದರೆ ಬರುತ್ತಿದ್ದ ದುಡ್ಡೂ ಹೋಯಿತು. ಗೂಡಿನ ಮರ ಉಳಿಸಿಕೊಂಡವರಿಗೆ ವರ್ಷ ವರ್ಷ ಒಂದಿಷ್ಟು ಹಣ ಕೊಡಿ. ಮುಂದಿನ ಬಜೆಟ್ಟಿನಲ್ಲೇ ಅದಕ್ಕೊಂದು ಸಾಲು ಸೇರಿಸಿ.

ಇಂತಿ,
ಕರಾವಳಿಯ ಒಬ್ಬ ನಾಗರಿಕ