ಒಂದು ದಿನದ ಪ್ರವಾಸ: ಬಸ್ಸಿನ ಲೆಕ್ಕವನ್ನೂ ಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ‘ಬೆಳಿಗ್ಗೆ ಹೊರಟು ರಾತ್ರಿ ಮರಳಿ’ ಎಂಬ ಬಗೆಯ ಬರಹಗಳು ಈಚೆಗೆ ಹೆಚ್ಚಾಗಿವೆ. ರಾಷ್ಟ್ರೀಯ ಉದ್ಯಾನ, ಹಳೆಯ ಪಟ್ಟಣ, ನಡುವೆ ಒಂದು ಜಲಪಾತ, ಎಲ್ಲವೂ ಒಂದೇ ಹಗಲಿನಲ್ಲಿ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಬಸ್ಸಿನಲ್ಲಿ ಎಷ್ಟು ಹೊತ್ತು ಕೂರಬೇಕು, ಇಳಿದ ಮೇಲೆ ಎಷ್ಟು ಹೊತ್ತು ಸಿಗುತ್ತದೆ ಎಂಬ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ.

ಅಮೆರಿಕದ ಲಾಸ್ ವೇಗಾಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ದಕ್ಷಿಣ ಅಂಚಿಗೆ ಸುಮಾರು 450 ಕಿ.ಮೀ. ಹೋಗಿ ಬರುವುದಕ್ಕೇ ಒಂಬತ್ತು ಗಂಟೆ ಬೇಕು. ಹಿಂದೊಮ್ಮೆ ನಾನೂ ಹಾಗೆ ಹೋಗಿ ಬಂದೆ. ತಲುಪಿದಾಗ ನಡುಹಗಲು. ನೆತ್ತಿಯ ಮೇಲಿನ ಸೂರ್ಯ ನೆರಳುಗಳನ್ನೆಲ್ಲ ನುಂಗಿ, ಅಷ್ಟು ಆಳದ ಕಣಿವೆಯನ್ನು ಗೋಡೆಗೆ ತೂಗುಹಾಕಿದ ಚಿತ್ರಪಟದಂತೆ ಮಾಡಿದ್ದ. ಬಂಡೆಗಳು ಕೆಂಪೇರುವ ಸಂಜೆಯ ಹೊತ್ತಿಗೆ ನಮ್ಮ ಬಸ್ಸು ಹೆದ್ದಾರಿಯಲ್ಲಿತ್ತು. ಅರ್ಧ ಬಸ್ಸು ನಿದ್ದೆಯಲ್ಲಿತ್ತು. ಕಾಡುಪ್ರಾಣಿಗಳ ವಿಷಯವೂ ಇದೇ. ಅವುಗಳಲ್ಲಿ ಬಹಳಷ್ಟು ಓಡಾಡುವುದು ನಸುಕಿನಲ್ಲಿ, ಮುಸ್ಸಂಜೆಯಲ್ಲಿ. ನಾವು ಒಳಗೆ ಕಾಲಿಡುವುದು ಅವು ನೆರಳು ಹುಡುಕಿ ಮಲಗಿದ ಮೇಲೆ. 1872ರಲ್ಲಿ ಸ್ಥಾಪನೆಯಾದ, ಅಮೆರಿಕದ್ದೇ ಆದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಸುಮಾರು 9,000 ಚದರ ಕಿ.ಮೀ. ಹರಡಿದೆ. ಅಲ್ಲಿನ ‘ಓಲ್ಡ್ ಫೇತ್‌ಫುಲ್’ ಬಿಸಿನೀರಿನ ಬುಗ್ಗೆ ಚಿಮ್ಮುವುದು ಹೆಚ್ಚುಕಡಿಮೆ ಒಂದೂವರೆ ಗಂಟೆಗೊಮ್ಮೆ. ಐದು ನಿಮಿಷ ತಡವಾಗಿ ತಲುಪಿದವರಿಗಾಗಿ ಯಾವ ಮಾರ್ಗದರ್ಶಿ ಅಷ್ಟು ಹೊತ್ತು ಬಸ್ಸನ್ನು ನಿಲ್ಲಿಸಿಕೊಂಡಾನು?

ಹಳೆಯ ಪಟ್ಟಣಗಳ ಕಷ್ಟ ಬೇರೆಯದು. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ವಾಸಿಸುವವರು 800 ಮಂದಿಯೂ ಇಲ್ಲ. ದಟ್ಟಣೆಯ ದಿನಗಳಲ್ಲಿ ಬಂದಿಳಿಯುವವರು ಸುಮಾರು 10,000. ವೆನಿಸ್ ನಗರವಂತೂ 2024ರಿಂದ ಆಯ್ದ ದಿನಗಳಲ್ಲಿ, ಹಗಲು ಬಂದು ಹೋಗುವವರಿಂದ ಪ್ರವೇಶ ಶುಲ್ಕ ಪಡೆಯುತ್ತಿದೆ. ಅಲ್ಲಿಯೇ ರಾತ್ರಿ ತಂಗುವವರಿಗೆ ಅದರಿಂದ ವಿನಾಯಿತಿ. ನಮ್ಮಂಥವರ ಬಗ್ಗೆ ಆ ಊರಿನ ಅಭಿಪ್ರಾಯವೇನೆಂದು ಬಿಡಿಸಿ ಹೇಳಬೇಕಿಲ್ಲ.

ಒಂದು ದಿನದ ಪ್ರವಾಸವೇ ಬೇಡವೆಂಬ ವಾದ ನನ್ನದಲ್ಲ. ರಜೆ ಸಿಗದವರಿಗೆ, ಕೈ ಬಿಗಿ ಇರುವವರಿಗೆ ಬೇರೆ ದಾರಿ ಇರುವುದಿಲ್ಲ. ಸ್ಪೇನಿನ ಮ್ಯಾಡ್ರಿಡ್‌ನಿಂದ ಹಳೆಯ ಪಟ್ಟಣ ಟೊಲೆಡೊಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯ ಹಾದಿ. ಇಡೀ ಹಗಲು ಓಣಿಗಳಲ್ಲಿ ಅಲೆಯಬಹುದು. ಅಂಥವನ್ನು ಧಾರಾಳವಾಗಿ ಬರೆಯಿರಿ. ಉಳಿದವುಗಳ ಕೆಳಗೆ ಎರಡೇ ಸಾಲು ಸೇರಿಸಿ: ಪ್ರಯಾಣಕ್ಕೆ ಇಷ್ಟು ಗಂಟೆ, ಸ್ಥಳದಲ್ಲಿ ಇಷ್ಟು ಗಂಟೆ. ಚಿತ್ರದ ಅಳತೆಯನ್ನು ತುಸು ಕಿರಿದು ಮಾಡಿದರೆ ಜಾಗ ಸಿಕ್ಕೀತು.

ಇತಿ,
ತಮ್ಮ ಓದುಗ